ಗೊಂಬೆ ತರಲು ಹೊರಟ ಮೊಮ್ಮಗಳಿಗೆ

ಪುಟ್ಟಿ,

ನಾಳೆ ಚನ್ನಪಟ್ಟಣಕ್ಕೆ ಹೋಗಿ ಗೊಂಬೆ ತರ್ತೀನಿ ಅಂದೆ. ಮೆಲ್ಬರ್ನಿನ ಗೆಳತಿಯರಿಗೆ, ಅವರ ಮಕ್ಕಳಿಗೆ, ಆಫೀಸಿನವರಿಗೆ ಅಂತ ಉದ್ದನೆಯ ಪಟ್ಟಿ ಮಾಡಿಟ್ಟಿದ್ದೀಯ. ನೀರಿನ ಚೊಂಬಿನ ಕೆಳಗೆ ಇಟ್ಟಿದ್ದೆಯಲ್ಲ, ನೋಡಿದೆ. ಯಾರಿಗೆ ಏನು ಅನ್ನೋದು ಅದರಲ್ಲಿದೆ, ಹೇಗೆ ನೋಡಿ ತರಬೇಕು ಅನ್ನೋದಿಲ್ಲ. ನೀನು ಮಗುವನ್ನು ಮಲಗಿಸುವ ಹೊತ್ತಿನಲ್ಲಿ ಕೂತು ಇಷ್ಟು ಬರೆದಿದ್ದೇನೆ. ಮೂವತ್ತು ವರ್ಷ ಈ ತಿಪ್ಪಸಂದ್ರದ ಸುತ್ತಲಿನ ಶಾಲೆಗಳಲ್ಲಿ ಪಾಠ ಮಾಡಿದವಳು, ಒಂದನೇ ತರಗತಿಗೆ ಎಣಿಕೆ ಕಲಿಸಲು ಚನ್ನಪಟ್ಟಣದ ಮಣಿಗಳನ್ನೇ ತರಿಸುತ್ತಿದ್ದೆ. ಮಗುವಿನ ಕೈಗೆ ಹೋಗುವ ಸಾಮಾನು ಅಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

• ಅಂಗಡಿಗೆ ಹೋಗುವ ಮುಂಚೆ ಗೊಂಬೆ ಕಡೆಯುವ ಮನೆಗೆ ಹೋಗು. ಇಡೀ ಕಾಗದದಲ್ಲಿ ಇದೊಂದು ಮಾತು ನೆನಪಿಟ್ಟುಕೊಂಡರೂ ನನಗೆ ಸಾಕು. ಊರಿನ ಒಳಗೆ ಕಲಾನಗರದ ಕಡೆ ಹೋದರೆ ಮನೆಯ ಮುಂದಿನ ಕೋಣೆಯಲ್ಲೇ ಲೇತು ಇಟ್ಟುಕೊಂಡವರು ಸಿಗುತ್ತಾರೆ. ಬಾಗಿಲಲ್ಲಿ ನಿಂತು, "ಅಣ್ಣಾ, ಕೆಲಸ ಸ್ವಲ್ಪ ನೋಡಬಹುದಾ?" ಅಂತ ಕೇಳು. ಬಹಳ ಮಂದಿ ಬೇಡ ಅನ್ನುವುದಿಲ್ಲ. ಒಳಗೆ ಹೋದ ಮೇಲೆ ಮಗುವನ್ನು ಸೊಂಟದಿಂದ ಇಳಿಸಬೇಡ, ಉಳಿಯ ಮುಂದೆ ಮರದ ಸೀಳು ಹಾರುತ್ತಿರುತ್ತದೆ. ಸೆರಗು, ದುಪ್ಪಟ್ಟ ಸಿಕ್ಕಿಸಿಕೊಂಡು ನಿಲ್ಲು.

ಅಲ್ಲಿ ಏನು ನೋಡಬೇಕು ಅಂದರೆ, ಬಣ್ಣ ಹಾಕುವುದನ್ನು ನೋಡು. ಕುಂಚ ಇರುವುದಿಲ್ಲ. ಬಟ್ಟಲಲ್ಲಿ ಕಲಸಿದ ಬಣ್ಣವೂ ಇರುವುದಿಲ್ಲ. ಅರಗಿಗೆ ಬಣ್ಣ ಸೇರಿಸಿ, ಬಿಸಿಯಲ್ಲಿ ನಾದಿ, ಕಡ್ಡಿಯ ಹಾಗೆ ಮಾಡಿಟ್ಟಿರುತ್ತಾರೆ. ಗಿರ್ರನೆ ತಿರುಗುವ ಮರಕ್ಕೆ ಆ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯ ತುಂಡನ್ನು ಅದೇ ಜಾಗಕ್ಕೆ ಒತ್ತಿ ಹಿಡಿದರೆ ಬಣ್ಣ ಒಂದೇ ಸಮ ಹರಡಿಕೊಂಡು, ಕ್ಷಣದಲ್ಲಿ ಕನ್ನಡಿಯಂಥ ಮೆರುಗು ಬರುತ್ತದೆ. ಎಲ್ಲಾ ಕಣ್ಣೆದುರಿಗೇ ಮುಗಿದುಹೋಗುತ್ತದೆ. ಆದರೆ ಕಡ್ಡಿಯನ್ನು ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು, ಹಳದಿ ಪಟ್ಟೆಯ ಪಕ್ಕ ಕೆಂಪು ಪಟ್ಟೆ ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗದ ಹಾಗೆ ಹೇಗೆ ತರಬೇಕು ಅನ್ನುವುದು ವರ್ಷಗಟ್ಟಲೆ ಕೂತ ಕೈಗೆ ಮಾತ್ರ ಗೊತ್ತು. ಇದನ್ನು ಒಂದು ಸಲ ನೋಡಿದವಳಿಗೆ ಅಂಗಡಿಯಲ್ಲಿ ಯಾರೂ ಸುಳ್ಳು ಸಾಮಾನು ಕೊಡಲಾರರು. ಬೆಲೆ ಕೇಳಿದಾಗ ಬಾಯಿ ತೆರೆಯುವ ಮುಂಚೆ ನೀನೇ ಒಂದು ಗಳಿಗೆ ಯೋಚಿಸುತ್ತೀಯ.

• ದಾರಿಯ ವಿಷಯ. ಇಲ್ಲಿಂದ ಮಾಗಡಿ, ಮಾಗಡಿಯಿಂದ ರಾಮನಗರ, ಅಲ್ಲಿಂದ ಚನ್ನಪಟ್ಟಣ ಹನ್ನೆರಡು ಕಿಲೋಮೀಟರಿನ ಆಸುಪಾಸು. ಕಾರಿನಲ್ಲಿ ಹೋದರೂ ರಾಮನಗರದಿಂದ ಹಳೇ ಮೈಸೂರು ರಸ್ತೆಯಲ್ಲೇ ಹೋಗಿ. ಹೊಸ ಎಕ್ಸ್‌ಪ್ರೆಸ್‌ ರಸ್ತೆ ಹತ್ತಿದರೆ ಊರು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. 2023ರ ಮಾರ್ಚಿನಲ್ಲಿ ಆ ರಸ್ತೆ ಉದ್ಘಾಟನೆ ಆದ ಮೇಲೆ ಮೈಸೂರಿಗೆ ಹೋಗುವ ಕಾರುಗಳು ಚನ್ನಪಟ್ಟಣದ ಹೊರಗಿನಿಂದಲೇ ದಾಟಿಹೋಗುತ್ತವೆ. ಹಳೇ ರಸ್ತೆಯ ಎರಡೂ ಬದಿಗೆ ತೂಗುಕುದುರೆಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದ ಅಂಗಡಿಗಳಿಗೆ ಅದರಿಂದ ಬಿದ್ದ ಹೊಡೆತ ಸಣ್ಣದಲ್ಲ. ದಾರಿಹೋಕರು ಕಾಫಿಗೆ ಇಳಿದು, ಮಗು ಅತ್ತಿತು ಅಂತ ಒಂದು ಗಿಲಕಿ ಕೊಳ್ಳುತ್ತಿದ್ದ ವ್ಯಾಪಾರ ಅದು. ಈಗ ಬೇಕು ಅಂತಲೇ ತಿರುಗಿ ಬರುವವರು ಬೇಕು. ನಿನ್ನ ಮಾವನ ಮಗ ಸ್ಕೂಟರಿನಲ್ಲಿ ಬರುತ್ತೇನೆ ಅಂದರೆ ಅವನಿಗೂ ಹೇಳು, ಎಕ್ಸ್‌ಪ್ರೆಸ್‌ ರಸ್ತೆಗೆ ಎರಡು ಚಕ್ರದ ಗಾಡಿ ಬಿಡುವುದಿಲ್ಲ.

• ರಾಮನಗರ ದಾಟಿದ ಕೂಡಲೇ ಜಾನಪದ ಲೋಕ ಸಿಗುತ್ತದೆ. ಒಂದು ಗಂಟೆಯಾದರೂ ಇಳಿಯಿರಿ. ಎಚ್.ಎಲ್. ನಾಗೇಗೌಡರು ಸರ್ಕಾರಿ ಅಧಿಕಾರಿಯಾಗಿದ್ದುಕೊಂಡು ಹಳ್ಳಿ ಹಳ್ಳಿ ತಿರುಗಿ ಹಾಡು, ಕತೆ, ಸಾಮಾನು ಎಲ್ಲಾ ಕೂಡಿಸಿದವರು. 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, ಆಮೇಲೆ ಈ ಜಾಗ ಎಬ್ಬಿಸಿದರು. ಅಲ್ಲಿನ ಮೊರ, ಬುಟ್ಟಿ, ಒನಕೆ, ಸೇರು, ಪಾವು, ತೊಗಲುಗೊಂಬೆ ನೋಡಿ ಬಂದವರ ಕಣ್ಣಿಗೆ ಒಂದು ಹದ ಬಂದಿರುತ್ತದೆ. ಬಳಸಲಿಕ್ಕೆ ಮಾಡಿದ ಸಾಮಾನು ಯಾವುದು, ಬರೀ ಮಾರಲಿಕ್ಕೆ ಮಾಡಿದ್ದು ಯಾವುದು ಅನ್ನುವುದು ತಾನಾಗಿ ತಿಳಿಯುತ್ತದೆ.

• ಇನ್ನೊಮ್ಮೆ ಹೋಗುವುದಿದ್ದರೆ ಶುಕ್ರವಾರ ಬೇಡ. ಹೋಗಲೇಬೇಕು ಅಂದರೆ ಮಧ್ಯಾಹ್ನದ ಹೊತ್ತು ಬಿಟ್ಟು ಹೋಗು. ಈ ಕೆಲಸದಲ್ಲಿರುವ ಮನೆಗಳಲ್ಲಿ ಮುಸ್ಲಿಮರ ಮನೆಗಳು ಬಹಳ, ನಮಾಜಿಗೆ ಹೊರಟವರನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಬಾರದು. ಕರೆಂಟು ಹೋದರೆ ಲೇತು ನಿಲ್ಲುತ್ತದೆ, ಆವಾಗ ಅವರಿಗೂ ಬಿಡುವು, ನಿನಗೂ ಮಾತಾಡಲು ಪುರುಸೊತ್ತು. ಸಿಡುಕಬೇಡ.

• ಮರ ಯಾವುದು ಅಂತ ಕೇಳು. ಈ ಗೊಂಬೆಗೆ ಹೇಳಿ ಮಾಡಿಸಿದ ಮರ ಆಲೆ. ಕೆಲವರು ಹಾಲೆ ಅನ್ನುತ್ತಾರೆ. ನಮ್ಮ ಸಾವನದುರ್ಗದ ಕಡೆ ಕುರುಚಲು ಕಾಡಿನಲ್ಲಿ, ಹೊಲದ ಬದುವಿನಲ್ಲಿ ಕಂಡಿರುತ್ತೀಯ, ಕೊಂಬೆ ಮುರಿದರೆ ಹಾಲು ಸುರಿಯುತ್ತದೆ, ಜೋಡಿ ಜೋಡಿ ಕಾಯಿ ತುದಿಯಲ್ಲಿ ಕೂಡಿಕೊಂಡು ಜೋತಾಡುತ್ತವೆ. ಒಳಗಿನ ತಿರುಳು ದಂತದ ಹಾಗೆ ಬೆಳ್ಳಗೆ, ನುಣ್ಣಗೆ, ಎಳೆ ಹತ್ತಿರ ಹತ್ತಿರ. ಉಳಿಗೆ ಸಿಬಿರು ಏಳುವುದಿಲ್ಲ, ಅದಕ್ಕೇ ಮಗುವಿನ ಕೈಗೆ ಒಳ್ಳೆಯದು. ಕಡಿದು ತಂದ ಮರವನ್ನು ಎರಡು ಮೂರು ತಿಂಗಳು ಒಣಗಿಸಿ ಆಮೇಲೆ ಲೇತಿಗೆ ಏರಿಸುತ್ತಾರೆ. ಹಸಿ ಇದ್ದಾಗಲೇ ಕಡೆದರೆ ಆಮೇಲೆ ಬಿರುಕು ಬಿಡುತ್ತದೆ, ಚಕ್ರ ಅಲುಗಾಡುತ್ತದೆ. ಈಗ ರಬ್ಬರ್ ಮರವನ್ನೂ ಬಳಸುತ್ತಾರೆ. ಅದು ಮೋಸವಲ್ಲ, ದೊಡ್ಡ ಸಾಮಾನಿಗೆ ಅದೂ ನಡೆಯುತ್ತದೆ. ಆದರೆ ಆಲೆ ಅಂತ ಹೇಳಿ ರಬ್ಬರ್ ಕೊಡಬಾರದು. ಗೊಂಬೆಯ ತಳ ತಿರುಗಿಸಿ ನೋಡು, ಬಣ್ಣ ಹಾಕದ ಜಾಗದಲ್ಲಿ ಮರ ತಾನೇ ಹೇಳುತ್ತದೆ.

• ಬಣ್ಣದ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಬರೆಯುತ್ತೇನೆ, ಬೇಸರಪಡಬೇಡ. ನಿನ್ನ ಅಮ್ಮನ ತಮ್ಮನ ಮಗಳು ಒಂಬತ್ತು ತಿಂಗಳಿನವಳಿದ್ದಾಗ ದಾರಿ ಬದಿಯ ಒಂದು ಅಂಗಡಿಯಲ್ಲಿ ಚನ್ನಪಟ್ಟಣದ್ದೇ ಅಂತ ಹೇಳಿದ್ದನ್ನು ನಂಬಿ ಒಂದು ಗಿಲಕಿ ತಂದೆ. ಸಂಜೆ ಹೊತ್ತಿಗೆ ಮಗುವಿನ ತುಟಿ, ಗಲ್ಲ ಎಲ್ಲಾ ಕೆಂಪು. ನಾನು ರಕ್ತವೇನೋ ಅಂತ ಹೆದರಿ ಎದೆ ಹೊಡೆದುಕೊಂಡೆ. ಬಣ್ಣ ಬಿಟ್ಟಿತ್ತು. ಅದು ಅರಗಲ್ಲ, ಕುಂಚದಲ್ಲಿ ಬಳಿದ ಪೇಂಟು. ನಾನು ಓದಿದವಳು, ತಳ ತಿರುಗಿಸಿ ನೋಡಿದ್ದರೆ ತಿಳಿಯುತ್ತಿತ್ತು. ನೋಡಲಿಲ್ಲ. ಮಗುವಿಗೆ ಏನೂ ಆಗಲಿಲ್ಲ ಅನ್ನುವುದು ನಮ್ಮ ಪುಣ್ಯ. ಅಗ್ಗದ ಪೇಂಟುಗಳಲ್ಲಿ ಸೀಸ ಇರುವುದುಂಟು, ಅದು ಬೆಳೆಯುವ ಮಗುವಿನ ಮಿದುಳಿಗೆ ಕೆಡುಕು. ಆ ದಿನದಿಂದ ಈ ನಾಲ್ಕು ನೋಟ ಇಟ್ಟುಕೊಂಡಿದ್ದೇನೆ.

ಮೊದಲು ಮೂಸು. ಪೇಂಟಿನ, ಟರ್ಪೆಂಟೈನಿನ ವಾಸನೆ ಬಂದರೆ ಕೆಳಗಿಡು. ಆಮೇಲೆ ಬೆಳಕಿಗೆ ಓರೆಯಾಗಿ ಹಿಡಿ. ಅರಗಿನ ಮೆರುಗು ಮರದೊಳಗಿನಿಂದ ಬಂದ ಹಾಗೆ ಕಾಣುತ್ತದೆ, ಪೇಂಟಿನದು ಮೇಲೆ ಕೂತಿರುತ್ತದೆ, ಕುಂಚದ ಗೆರೆಗಳೂ ಇರುತ್ತವೆ. ಕಣ್ಣು, ಮೂಗು, ನಾಮದಂಥ ಸಣ್ಣ ಗೆರೆಗಳನ್ನು ಕುಂಚದಲ್ಲೇ ಬರೆಯುತ್ತಾರೆ, ಅದನ್ನು ನೋಡಿ ಗಾಬರಿಯಾಗಬೇಡ. ಆದರೆ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿಗೆ ಕಣ್ಣು ಮೂಗಿಲ್ಲದ ಗೊಂಬೆಯೇ ವಾಸಿ. ಮೂರನೆಯದು, ಅಂಗಡಿಯವರನ್ನು ಕೇಳಿಕೊಂಡು ಬಿಳಿ ಕರ್ಚೀಫು ಒದ್ದೆ ಮಾಡಿ ಒರೆಸಿ ನೋಡು. ತಮ್ಮ ಸಾಮಾನಿನ ಮೇಲೆ ನಂಬಿಕೆ ಇರುವವರು ಬೇಡ ಅನ್ನುವುದಿಲ್ಲ. ಕೊನೆಯದಾಗಿ, ಬಣ್ಣ ಯಾವುದರದು ಅಂತ ಕೇಳು. ಅರಿಸಿನದ ಹಳದಿ, ನೀಲಿಗಿಡದ ನೀಲಿ, ಕಾಚಿನ ಕಂದು, ಹಳದಿ ನೀಲಿ ಬೆರೆಸಿದ ಹಸಿರು, ಇವು ಗಿಡಮರದ ಬಣ್ಣ. ಅವು ಸ್ವಲ್ಪ ಮೆತ್ತಗೆ, ಮಣ್ಣಿನ ಹತ್ತಿರದ ಬಣ್ಣ. ಕಣ್ಣಿಗೆ ಚುಚ್ಚುವ ಗುಲಾಬಿ, ಮಿಂಚುವ ಹಸಿರು ಯಾವ ಬೇರಿನಿಂದಲೂ ಬರುವುದಿಲ್ಲ. ಚನ್ನಪಟ್ಟಣದಲ್ಲಿ ಎಲ್ಲರೂ ಗಿಡಮರದ ಬಣ್ಣವನ್ನೇ ಹಾಕುತ್ತಾರೆ ಅಂದುಕೊಳ್ಳಬೇಡ. ಅರಗಿಗೆ ಅಂಗಡಿಯ ಬಣ್ಣದ ಪುಡಿ ಬೆರೆಸುವುದೂ ಇದೆ. ಕುಂಕುಮದ ಭರಣಿಗೋ ದೀಪದ ಕಂಬಕ್ಕೋ ಆದರೆ ಚಿಂತೆಯಿಲ್ಲ. ಮಗುವಿನ ಬಾಯಿಗೆ ಹೋಗುವುದಾದರೆ ಕೇಳಿಯೇ ತೆಗೆದುಕೋ.

ಅರಗು ತಾನಾಗಿ ಕೆಟ್ಟದ್ದಲ್ಲ. ಮರದ ರೆಂಬೆಗೆ ಅಂಟಿಕೊಂಡ ಪುಟ್ಟ ಹುಳು ಸುರಿಸುವ ಅಂಟು ಅದು. ಜಾರ್ಖಂಡ್, ಛತ್ತೀಸಗಢದ ಕಾಡಿನ ಜನ ಕೆರೆದು ಕೂಡಿಸುತ್ತಾರೆ. ನಾವು ನುಂಗುವ ಎಷ್ಟೋ ಮಾತ್ರೆಗಳ ಮೇಲಿನ ಹೊಳಪೂ ಅದರದ್ದೇ. ಹಿಪ್ಪುನೇರಳೆ ಸೊಪ್ಪು ಹಾಕಿ ಹುಳು ಸಾಕಿದ ಮನೆಯವಳು ನೀನು, ಹುಳುವಿನ ನೂಲು ಉಡುವ ಜನಕ್ಕೆ ಹುಳುವಿನ ಅಂಟು ಹಚ್ಚಿದ ಗೊಂಬೆಯಲ್ಲಿ ಆಡಲು ಏನು ಅಡ್ಡಿ?

• ಐಎಸ್‌ಐ ಗುರುತು ಇಲ್ಲ ಅಂತ ನಿನ್ನ ಯಜಮಾನರು ಕೇಳಬಹುದು, ಇಂಜಿನಿಯರಲ್ಲವೆ. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟದ ಸಾಮಾನಿಗೆ ಆ ಗುರುತು ಕಡ್ಡಾಯ ಆಗಿದ್ದು ನಿಜ. ಆದರೆ ಕರಕುಶಲ ಇಲಾಖೆಯಲ್ಲಿ ಹೆಸರು ನೋಂದಾಯಿಸಿದ ಕುಶಲಿಗಳು ಕೈಯಲ್ಲಿ ಮಾಡಿದ್ದಕ್ಕೂ, ಭೌಗೋಳಿಕ ಗುರುತು ಪಡೆದ ಸಾಮಾನನ್ನು ಅದರ ಹಕ್ಕುಳ್ಳವರು ಮಾಡಿದ್ದಕ್ಕೂ ವಿನಾಯಿತಿ ಇದೆ. ಮನೆಯಲ್ಲಿ ಒಂದು ಲೇತು ಇಟ್ಟುಕೊಂಡವನು ಪ್ರಯೋಗಾಲಯದ ಖರ್ಚು ಎಲ್ಲಿಂದ ತಂದಾನು? ವಿನಾಯಿತಿ ಕೊಟ್ಟದ್ದು ಸರಿ. ಅಂದಮೇಲೆ ಗುರುತು ಇಲ್ಲದ್ದು ಕಳ್ಳಮಾಲು ಅಲ್ಲ. ಹಾಗೆಯೇ, ಬೇರೆ ಯಾರೂ ಪರೀಕ್ಷೆ ಮಾಡಿರಲಾರರು, ಪರೀಕ್ಷೆ ಮಾಡುವ ಕಣ್ಣು ನಿನ್ನದೇ ಅಂತಲೂ ಅದರ ಅರ್ಥ. ಕುಶಲಿಯ ಗುರುತಿನ ಚೀಟಿ ಇದೆಯಾ ಅಂತ ಮೆತ್ತಗೆ ಕೇಳಬಹುದು, ಇರುವವರು ಖುಷಿಯಿಂದ ತೋರಿಸುತ್ತಾರೆ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತು 2005-06ರ ಸಾಲಿನಲ್ಲೇ ಬಂದಿದೆ. ಆದರೆ ಡಬ್ಬಿಯ ಮೇಲೆ ಊರಿನ ಹೆಸರು ಅಚ್ಚು ಹಾಕಿದ ಮಾತ್ರಕ್ಕೆ ಒಳಗಿನದು ಆ ಊರಿನದು ಆಗುವುದಿಲ್ಲ.

• ಚೌಕಾಸಿ. ಇದರಲ್ಲಿ ನಿನ್ನ ಮುತ್ತಾತನಿಂದ ಕಲಿತದ್ದನ್ನು ಹೇಳಬೇಕು. ನನಗೆ ಏಳೋ ಎಂಟೋ ವರ್ಷ. ಬೇಸಿಗೆಯ ತಿರುಮಲೆ ಜಾತ್ರೆಗೆ ಗಾಡಿ ಕಟ್ಟಿಕೊಂಡು ಮಾಗಡಿಗೆ ಹೋಗಿದ್ದೆವು. ಅಪ್ಪ ದನ ಕೊಳ್ಳುವವರು, ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಎತ್ತಿನ ಜೋಡಿಗೆ ಅರ್ಧ ದಿನ ಎಳೆದಾಡಿ, ಒಪ್ಪದೆ, ಎದ್ದು ಬಂದರು. ನಾನು ಬುಗುರಿ ಬೇಕು ಅಂತ ಹಟ ಮಾಡಿದೆ. ನೆಲದ ಮೇಲೆ ಗೋಣಿ ಹಾಸಿಕೊಂಡು ಚನ್ನಪಟ್ಟಣದ ಒಬ್ಬರು ಮುದುಕರು ಕೂತಿದ್ದರು. ಅವರು ಹೇಳಿದ ಬೆಲೆಯನ್ನು ಅಪ್ಪ ಎಣಿಸಿ ಕೈಗಿಟ್ಟರು, ಒಂದು ಕಾಸು ಇಳಿಸಲಿಲ್ಲ. ದಾರಿಯಲ್ಲಿ ಯಾಕಪ್ಪಾ ಅಂತ ಕೇಳಿದೆ. "ಎತ್ತು ಕೊಡೋನು ದಳ್ಳಾಳಿ ಕಣವ್ವ, ಬುಗುರಿ ಕೊಟ್ಟೋನು ಕಡೆದೋನು" ಅಂದರು.

ಆ ಭೇದ ನೋಡಿ ನಡೆದುಕೋ. ಹೆದ್ದಾರಿಯ ದೊಡ್ಡ ಅಂಗಡಿಯಲ್ಲಿ ಮಾತಾಡು, ಹತ್ತು ಸಾಮಾನು ಕೊಂಡರೆ ಇಳಿಸಿ ಕೊಡಿ ಅನ್ನು, ಅದು ವ್ಯಾಪಾರ. ಕಾವೇರಿ ಮಳಿಗೆಯಲ್ಲಿ ಬೆಲೆ ಬರೆದೇ ಇರುತ್ತದೆ. ಅದು ಸರ್ಕಾರದ ಕರಕುಶಲ ನಿಗಮದ್ದು, ಬೆಂಗಳೂರಿನಲ್ಲೂ ಇದೆ, ಹೊತ್ತಿಲ್ಲದವರಿಗೆ ಅದೇ ನೇರ ದಾರಿ. ಕಡೆದವರ ಮನೆಯಲ್ಲಿ ಮಾತ್ರ ಹೇಳಿದ ಬೆಲೆ ಕೊಡು. ಒಂದು ಸೆಟ್ಟು ಅಡುಗೆ ಆಟದ ಸಾಮಾನು ಅಂದರೆ ಒಲೆ, ಒರಳು, ತಟ್ಟೆ, ಲೋಟ, ಕೊಡ, ಮುಚ್ಚಳ, ಸೌಟು. ಅಷ್ಟನ್ನೂ ಒಂದೊಂದಾಗಿ ಏರಿಸಿ, ಕಡೆದು, ಉಜ್ಜಿ, ಅರಗು ಹಿಡಿದು, ಇಳಿಸಬೇಕು. ಮೆಲ್ಬರ್ನಿನಲ್ಲಿ ಎರಡು ಕಾಫಿಗೆ ಕೊಡುವ ದುಡ್ಡಿಗೆ ಒಬ್ಬ ಮನುಷ್ಯನ ಬೆನ್ನು ಅರ್ಧ ದಿನ ಬಗ್ಗಿರುತ್ತದೆ. ಪ್ಲಾಸ್ಟಿಕ್ಕಿನ ಅಚ್ಚಿನ ಗೊಂಬೆಯ ಬೆಲೆ ತಂದು ಇದರ ಪಕ್ಕ ಇಡಬೇಡ.

• ರೈಲು, ಬಸ್ಸು, ಕಾರು ಅಂತ ಒಂದೇ ಥರದ್ದನ್ನು ಹದಿನೈದು ತರಬೇಡ. ಬುಗುರಿ ತಾ, ಅದು ಹಗುರ, ದುಡ್ಡು ಕಡಿಮೆ, ಯಾವ ದೇಶದ ಮಗುವಿಗೂ ಹೇಳಿಕೊಡಬೇಕಾಗಿಲ್ಲ. ಕೊಳ್ಳುವಾಗ ನೆಲದ ಮೇಲೆ ಆಡಿಸಿ ನೋಡು. ಚೆನ್ನಾಗಿ ಕಡೆದದ್ದು ನಿದ್ದೆ ಹೋದ ಹಾಗೆ ನಿಂತಲ್ಲೇ ತಿರುಗುತ್ತದೆ, ಓಲಾಡುವುದಿಲ್ಲ. ಗಾಲಿಯಿರುವ ಸಾಮಾನನ್ನು ಸಮತಟ್ಟಾದ ಜಾಗದಲ್ಲಿ ಉರುಳಿಸು, ನೇರ ಹೋಗಬೇಕು. ಗೂಟ ಕೂಡಿಸಿದ ಕಡೆ ಬೆರಳಿನಿಂದ ಎಳೆ.

• ಮೂರು ವರ್ಷದೊಳಗಿನ ಮಕ್ಕಳಿಗೆ ಬಿಡಿ ಮಣಿ, ಸಣ್ಣ ಮುಚ್ಚಳ, ಉದ್ದ ದಾರ ಇರುವುದು ಬೇಡವೇ ಬೇಡ. ಮಗುವಿನ ಬಾಯೊಳಗೆ ಪೂರ್ತಿ ಹೋಗುವ ಸಾಮಾನು ಆಟಿಕೆಯಲ್ಲ. ದೊಡ್ಡ ಉಂಗುರಗಳನ್ನು ಕಂಬಕ್ಕೆ ಪೋಣಿಸುವುದು, ಗಟ್ಟಿ ಗಿಲಕಿ, ತಳ್ಳಿಕೊಂಡು ನಡೆಯುವ ಮೂರು ಗಾಲಿಯ ಗಾಡಿ, ಇವು ಸರಿ. ದೊಡ್ಡ ಮಕ್ಕಳಿಗೆ ಅಳಗುಳಿ ಮಣೆ ಒಯ್ದುಕೊಡು. ಆಟ ಹೇಳಿಕೊಡದೆ ಮಣೆ ಮಾತ್ರ ಕೊಟ್ಟರೆ ಗೋಡೆಗೆ ಒರಗಿಸಿಡುತ್ತಾರೆ. ಹೊರಡುವ ಮುಂಚೆ ನನ್ನ ಜೊತೆ ನಾಲ್ಕಾಟ ಆಡು, ನೆನಪಾಗುತ್ತದೆ. ಹುಣಸೆಬೀಜ ನಾನು ಕಟ್ಟಿಕೊಡುತ್ತೇನೆ ಅಂದುಕೊಂಡಿದ್ದೆ, ಬೀಜ ನಿಮ್ಮ ದೇಶದೊಳಗೆ ಬಿಡುವುದಿಲ್ಲ ಅಂತ ನಿನ್ನಮ್ಮ ಹೇಳಿದಳು, ಅಲ್ಲಿ ಅಂಗಿಯ ಗುಂಡಿ ಹಾಕಿಕೊಂಡು ಆಡಿ.

• ಪಟ್ಟದ ಗೊಂಬೆ ನೋಡುತ್ತೇನೆ ಅಂದೆ. ರಾಜ ರಾಣಿ ಜೋಡಿಯನ್ನು ಒಂದೇ ಮನೆಯಲ್ಲಿ, ಒಂದೇ ಸಲ ಕೊಂಡುಕೋ, ಬಿಡಿ ಬಿಡಿಯಾಗಿ ಎರಡು ಕಡೆ ಕೊಳ್ಳಬೇಡ, ಎತ್ತರ ಹೊಂದುವುದಿಲ್ಲ. ನವರಾತ್ರಿಯಲ್ಲಿ ಕೂರಿಸುವ ಗೊಂಬೆ ಹೆಣ್ಣುಮಕ್ಕಳಿಗೆ ತವರಿನಿಂದ ಬರಬೇಕು, ಹಾಗಾಗಿ ಆ ದುಡ್ಡು ನಾನು ಕೊಡುತ್ತೇನೆ. ಮಾತು ಬೇಡ. ಒಂದು ವಿಷಯ ತಿಳಿದುಕೊಂಡಿರು. ಲೇತಿನಲ್ಲಿ ಹುಟ್ಟಿದ ಗೊಂಬೆಯ ಮೈ ದುಂಡಗೇ ಇರುತ್ತದೆ, ತಿರುಗಿಸಿ ಕಡೆದದ್ದಲ್ಲವೆ. ಕೈ ಚಾಚಿದ, ಮೊಣಕಾಲು ಮಡಿಚಿದ ಗೊಂಬೆ ಬೇಕಾದರೆ ಅದು ಕೊಪ್ಪಳದ ಕಿನ್ನಾಳದ್ದು, ಉಳಿಯಲ್ಲಿ ಕೆತ್ತಿ ಬಣ್ಣ ಬರೆದದ್ದು, ಅದೇ ಬೇರೆ ವಿದ್ಯೆ. ಆಂಧ್ರದ ಏಟಿಕೊಪ್ಪಾಕದವರೂ ಇದೇ ಆಲೆ ಮರದಲ್ಲಿ, ಇದೇ ಅರಗಿನಲ್ಲಿ ಕಡೆಯುತ್ತಾರೆ, ಒಳ್ಳೆಯ ಕೆಲಸವೇ. ಅದನ್ನು ಅದರ ಹೆಸರಿನಲ್ಲಿ ಕೊಳ್ಳಬೇಕು, ಇದನ್ನು ಇದರ ಹೆಸರಿನಲ್ಲಿ.

• ಗೆಳತಿಯರಿಗೆ ಈ ಗೊಂಬೆ ಎಲ್ಲಿಂದ ಬಂತು ಅಂತ ಹೇಳಬೇಕಲ್ಲ. ಟಿಪ್ಪು ಸುಲ್ತಾನ ಪರ್ಷಿಯಾದಿಂದ ಕುಶಲಿಗಳನ್ನು ಕರೆಸಿದ ಅಂತ ಚನ್ನಪಟ್ಟಣದಲ್ಲಿ ಹೇಳುತ್ತಾರೆ. ಬಾವಾಸ್ ಮಿಯಾ ಅನ್ನುವವರು ಜಪಾನಿನ ಗೊಂಬೆಯ ವಿದ್ಯೆ ತಂದು ಊರವರಿಗೆ ಕಲಿಸಿದರು ಅಂತ ಅವರನ್ನು ಈ ಕಸುಬಿನ ತಂದೆ ಅಂತ ನೆನೆಯುತ್ತಾರೆ. ಇನ್ನೊಂದು ಸಂಗತಿ ಇದೆ, ನನಗೆ ಅದು ಯಾವಾಗಲೂ ಮನಸ್ಸಿನಲ್ಲಿ ಕೊರೆಯುತ್ತದೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರನ್ನು ಕಂಡು ಬರೆದಿದ್ದಾನೆ. ಆ ತಂತಿಗೆ ಬಹಳ ಹೆಸರಿತ್ತಂತೆ. ವೀಣೆಯ ತಂತಿ ಬೇಕು ಅಂತ ಚನ್ನಪಟ್ಟಣಕ್ಕೆ ಹೊರಟವರನ್ನು ನನ್ನ ಜೀವಮಾನದಲ್ಲಿ ನಾನು ಒಬ್ಬರನ್ನೂ ಕಂಡಿಲ್ಲ. ಕೊಳ್ಳುವವರು ಬರುವುದು ನಿಂತರೆ ಒಂದು ವಿದ್ಯೆ ಹೀಗೆ ಹೋಗುತ್ತದೆ, ಹೋದದ್ದೂ ಗೊತ್ತಾಗುವುದಿಲ್ಲ. ನೀನು ನಾಳೆ ಹೋಗುತ್ತೇನೆ ಅಂದಾಗ ನನಗೆ ಅಷ್ಟು ಸಂತೋಷ ಆದದ್ದು ಅದಕ್ಕೇ.

• ಫೋಟೋ ತೆಗೆಯುವ ಮುಂಚೆ ಕೇಳು. ಕೆಲಸ ಮಾಡುವ ಹೆಣ್ಣುಮಕ್ಕಳಿದ್ದರೆ ಎರಡು ಸಲ ಕೇಳು.

• ಅರ್ಧ ಗಂಟೆ ಕೂತು, ಎಲ್ಲಾ ತೋರಿಸಿಕೊಂಡು, ಟೀ ಕುಡಿದು, ಬರಿಗೈಯಲ್ಲಿ ಎದ್ದು ಬರಬೇಡ. ಒಂದು ಬುಗುರಿಯನ್ನಾದರೂ ಕೊಂಡುಕೊಂಡೇ ಬಾ. ಹೊಸದಾಗಿ ಏನಾದರೂ ಮಾಡಿಸಬೇಕಿದ್ದರೆ ಬರೀ ಬಾಯಲ್ಲಿ ಹೇಳದೆ ಕಾಗದದ ಮೇಲೆ ಅಳತೆ ಬರೆದು ಕೊಟ್ಟು, ಮುಂಗಡ ಕೊಟ್ಟು, ಅವರು ಹೇಳಿದ ದಿನಕ್ಕಿಂತ ಒಂದು ವಾರ ಹೆಚ್ಚು ಇಟ್ಟುಕೋ. ದಸರೆಯ ಮುಂಚಿನ ತಿಂಗಳಲ್ಲಿ ಅವರಿಗೆ ಉಸಿರಾಡಲು ಬಿಡುವಿರುವುದಿಲ್ಲ.

• ನಮ್ಮ ಮನೆ ಬಾಗಿಲಿನದನ್ನು ಮರೆಯಬೇಡ. ಕುಶಲ ಕೆಲಸ ಅಂದರೆ ಚನ್ನಪಟ್ಟಣ ಒಂದೇ ಅಲ್ಲ. ಮೇದರು ಹೆಣೆದ ಮೊರ, ಕುಕ್ಕೆ, ಬುಟ್ಟಿ ನಮ್ಮ ಸಂತೆಯಲ್ಲೇ ಸಿಗುತ್ತವೆ. ರೇಷ್ಮೆ ಹುಳು ಗೂಡು ಕಟ್ಟಲು ಬಿಡುವ ಚಂದ್ರಂಕಿ ನೆನಪಿದೆಯಾ? ನೀನು ಚಿಕ್ಕವಳಿದ್ದಾಗ ಅದರ ಸುತ್ತುಗಳಲ್ಲಿ ಬೆರಳಾಡಿಸುತ್ತಾ ಎಲ್ಲಿ ಮುಗಿಯುತ್ತದೆ ಅಂತ ಹುಡುಕುತ್ತಿದ್ದೆ. ಈಗ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದು ಬಿದಿರಿನ ಚಂದ್ರಂಕಿ ಕೇಳುವವರು ಕಡಿಮೆ. ಹೆಣೆಯುವ ಕೈಗಳು ಇನ್ನೂ ಇವೆ. ಅದೇ ಹೆಣಿಗೆಯಲ್ಲಿ ಒಂದೂವರೆ ಅಡಿ ಅಗಲದ್ದು ಮಾಡಿಕೊಡಿ ಅಂದರೆ ಮಾಡಿಕೊಡುತ್ತಾರೆ, ನಿನ್ನ ಮನೆಯ ಗೋಡೆಗೆ ತೂಗುಹಾಕಿದರೆ ರಾಮನಗರದ ರೇಷ್ಮೆಯ ಕತೆಯನ್ನು ಅಲ್ಲಿಂದಲೇ ಶುರು ಮಾಡಬಹುದು. ನಾಡಿದ್ದು ನಾನೂ ಬರುತ್ತೇನೆ, ಕೇಳೋಣ.

• ಗೊಂಬೆ ತೆಗೆದುಕೊಂಡವರಿಗೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡು. ನೀರಿನಲ್ಲಿ ನೆನೆಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ಕೂಡಲೇ ಒಣಬಟ್ಟೆಯಲ್ಲಿ ಒರೆಸಬೇಕು. ಸ್ಯಾನಿಟೈಸರು, ಸ್ಪಿರಿಟ್ಟು ತಾಗಿಸಲೇಬಾರದು. ಅರಗು ಅದರಲ್ಲಿ ಕರಗುತ್ತದೆ, ಮೆರುಗು ಎದ್ದು ಅಂಟಂಟಾಗುತ್ತದೆ. ಕೊರೋನಾ ಕಾಲದಲ್ಲಿ ನಮ್ಮ ಶಾಲೆಯ ಎಣಿಕೆ ಮಣಿಗಳೆಲ್ಲಾ ಹಾಗೇ ಹಾಳಾದವು, ಒಳ್ಳೆಯದಕ್ಕೆ ಅಂತಲೇ ಒರೆಸಿದ್ದರು ಪಾಪ. ಬಿಸಿಲಿನಲ್ಲಿ ನಿಂತ ಕಾರಿನ ಗಾಜಿನ ಹಿಂದೆ ಇಡಬಾರದು, ಶಾಖಕ್ಕೆ ಅರಗು ಮೆತ್ತಗಾಗುತ್ತದೆ. ಅರಿಸಿನದ ಹಳದಿ ಬಿಸಿಲಿಗೆ ಬೇಗ ಮಾಸುತ್ತದೆ, ಕಿಟಕಿಯ ಹತ್ತಿರ ಬೇಡ. ಇಷ್ಟು ಬಿಟ್ಟರೆ ಬೀಳಲಿ, ಎಳೆದಾಡಲಿ, ಏನೂ ಆಗುವುದಿಲ್ಲ. ಗಾಜಿನ ಬೀರುವಿನಲ್ಲಿ ಮಾತ್ರ ಇಡಬೇಡಿ ಅಂತ ಹೇಳು. ಆಡಲಿಕ್ಕೆ ಮಾಡಿದ್ದು ಅದು.

• ವಿಮಾನ ಇಳಿದ ಮೇಲೆ ಚೀಟಿಯಲ್ಲಿ ಮರದ ಸಾಮಾನು ಇದೆ ಅಂತ ಬರೆದು ತೋರಿಸಿಬಿಡು. ಆಸ್ಟ್ರೇಲಿಯಾದಲ್ಲಿ ಮರ, ಬಿದಿರು ಯಾವುದಿದ್ದರೂ ಹೇಳಲೇಬೇಕು, ಮುಚ್ಚಿಟ್ಟರೆ ದಂಡ. ತೊಗಟೆ ಇರುವುದು, ಸೂಜಿಮೊನೆಯಷ್ಟು ತೂತು ಇರುವುದು, ಕೆಳಗೆ ಹಿಟ್ಟು ಉದುರುವುದು ಕಂಡರೆ ಇಲ್ಲೇ ಬಿಡು, ಅದು ಹುಳು ಹಿಡಿದ ಮರ. ಬಿಲ್ಲು ಜೋಪಾನ. ಗೊಂಬೆಗಳನ್ನು ಒಂದೇ ಕಡೆ, ಚೀಲದ ಮೇಲ್ಭಾಗದಲ್ಲಿ ಇಡು, ಅಧಿಕಾರಿಗಳು ಕೇಳಿದರೆ ಸೀರೆಗಳನ್ನೆಲ್ಲಾ ಕೆದಕಬೇಕಾಗುವುದಿಲ್ಲ. ಸುತ್ತಲಿಕ್ಕೆ ಪ್ಲಾಸ್ಟಿಕ್ ಬೇಡ, ನನ್ನ ಹಳೇ ನೂಲಿನ ಸೀರೆ ಎರಡು ಹರಿದಿಟ್ಟಿದ್ದೇನೆ.

• ಇನ್ನು ನನ್ನದೊಂದು ಕೆಲಸ. ಅಟ್ಟದ ಮೇಲಿದ್ದ ಮೂರು ಗಾಲಿಯ ತಳ್ಳುಗಾಡಿಯನ್ನು ಇಳಿಸಿ ಒರೆಸಿದ್ದೇನೆ. ನಿನ್ನಮ್ಮ ಅದನ್ನು ಹಿಡಿದುಕೊಂಡೇ ಪಡಸಾಲೆಯಲ್ಲಿ ಮೊದಲ ಹೆಜ್ಜೆ ಇಟ್ಟದ್ದು, ನೀನೂ ಅದರಲ್ಲೇ ನಡೆದವಳು. ಕೆಂಪು ಪೂರ್ತಿ ಮಾಸಿದೆ, ಮರ ಗಟ್ಟಿಯಿದೆ, ಒಂದು ಗಾಲಿ ಮಾತ್ರ ಸೀಳಿಹೋಗಿದೆ. ನಿನ್ನ ಮಗ ಎರಡು ದಿನದಿಂದ ಕಂಬ ಹಿಡಿದು ನಿಲ್ಲುತ್ತಿದ್ದಾನೆ. ಉಳಿದ ಗಾಲಿಯಲ್ಲಿ ಒಂದನ್ನು ಬಟ್ಟೆಯಲ್ಲಿ ಸುತ್ತಿ ನಿನ್ನ ಕೈಚೀಲದಲ್ಲಿ ಇಟ್ಟಿದ್ದೇನೆ, ಅಳತೆಗೆ ಅದೇ ಸಾಕು. ಯಾರ ಮನೆಯಲ್ಲಿ ಕೆಲಸ ನಿನಗೆ ಮನಸ್ಸಿಗೆ ಬಂತೋ ಅಲ್ಲೇ ತೋರಿಸಿ ಇಂಥದ್ದೊಂದು ಕಡೆದುಕೊಡಿ ಅನ್ನು. ಬಣ್ಣ ಹೊಂದದಿದ್ದರೆ ಇರಲಿ, ನಡುವಿನ ತೂತು ಮಾತ್ರ ಅಚ್ಚಿಗೆ ಸರಿಯಾಗಿ ಕೂರಬೇಕು.